ಒಳಗಡೆ ಅಗಳಿಯಿಲ್ಲದ ಬಾಗಿಲು: ‘ದಿ ಮಿಸ್ಟರೀಸ್ ಆಫ್ ಉಡಾಲ್ಫೋ’ದ ಒಂದು ಪ್ರತಿ

ಆನ್ ರ‍್ಯಾಡ್‌ಕ್ಲಿಫ್ ಅವರ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೋ’ ಕಾದಂಬರಿಯ ಪೇಪರ್‌ಬ್ಯಾಕ್ ಪ್ರತಿಯನ್ನು ಮೈಸೂರಿನ ಸರಸ್ವತಿಪುರಂನ ಪುಸ್ತಕದಂಗಡಿಯೊಂದರಲ್ಲಿ ಹೇಳಿ ತರಿಸಿಕೊಂಡು, ಈ ಮಳೆಗಾಲದ ಮೂರು ವಾರ ಓದಿದೆ. 1794ರಲ್ಲಿ ನಾಲ್ಕು ಸಂಪುಟಗಳಾಗಿ ಬಂದಿದ್ದ ಕೃತಿಯನ್ನು ಒಂದೇ ಹೊತ್ತಗೆಯಲ್ಲಿ ತುಂಬಿರುವುದರಿಂದ ಅಕ್ಷರ ತೀರ ಸಣ್ಣದು. ಕಾಗದ ಚೆನ್ನಾಗಿದೆ, ಆದರೆ ಬೆನ್ನಿನ ಅಂಟು ಅರ್ಧ ಓದುವಷ್ಟರಲ್ಲಿ ಬಿಟ್ಟು ಎರಡು ಹಾಳೆಗಳು ಕೈಗೇ ಬಂದವು.

ಇದಕ್ಕಿಂತ ದೊಡ್ಡ ದೋಷ ಸಂಪಾದಕರ ಮುನ್ನುಡಿಯಲ್ಲಿದೆ. ಎರಡನೆಯ ಸಂಪುಟದಲ್ಲಿ ನಾಯಕಿ ಎಮಿಲಿ ಒಂದು ಕಪ್ಪು ಪರದೆಯನ್ನು ಸರಿಸಿ ನೋಡಿ ಮೂರ್ಛೆ ಹೋಗುತ್ತಾಳೆ. ಅವಳು ಕಂಡದ್ದೇನೆಂಬುದನ್ನು ಲೇಖಕಿ ನಾಲ್ಕನೆಯ ಸಂಪುಟದ ಕೊನೆಯ ಭಾಗದವರೆಗೂ ಬಿಟ್ಟುಕೊಡುವುದಿಲ್ಲ. ಅಷ್ಟು ತಾಳ್ಮೆಯಿಂದ ಕಾಯ್ದ ಗುಟ್ಟನ್ನು ಮುನ್ನುಡಿ ಎರಡನೆಯ ಪುಟದಲ್ಲೇ ಹೇಳಿಬಿಡುತ್ತದೆ. ಕೊಳ್ಳುವವರು ದಯವಿಟ್ಟು ಮುನ್ನುಡಿಯನ್ನು ಕೊನೆಗೆ ಓದಬೇಕು.

ಪಾಳುಕೋಟೆ, ಗುಟ್ಟು, ದೆವ್ವದ ಭಯಗಳ ಸುತ್ತ ಹೆಣೆದ ಗಾಥಿಕ್ ಎನ್ನುವ ಕಾದಂಬರಿ ಪ್ರಕಾರಕ್ಕೆ ನಾಂದಿ ಹಾಡಿದ್ದು ಹೊರೇಸ್ ವಾಲ್‌ಪೋಲ್ ಅವರ ‘ದಿ ಕ್ಯಾಸಲ್ ಆಫ್ ಒಟ್ರಾಂಟೋ’. ಅದು ಹೊರಬಂದ 1764ರಲ್ಲೇ ರ‍್ಯಾಡ್‌ಕ್ಲಿಫ್ ಲಂಡನ್ನಿನಲ್ಲಿ ಹುಟ್ಟಿದರು. ವಾಲ್‌ಪೋಲ್ ಅವರ ಕಥೆಯಲ್ಲಿ ರಾಕ್ಷಸಗಾತ್ರದ ಶಿರಸ್ತ್ರಾಣವೊಂದು ಬಿದ್ದು ಮದುಮಗ ಸಾಯುತ್ತಾನೆ. ರ‍್ಯಾಡ್‌ಕ್ಲಿಫ್ ಪಾಳುಕೋಟೆಯನ್ನು ಉಳಿಸಿಕೊಂಡರು, ಆದರೆ ದೆವ್ವವೆಂದು ನಡುಗಿಸಿದ್ದಕ್ಕೆಲ್ಲ ಕೊನೆಯಲ್ಲಿ ಈ ಲೋಕದ್ದೇ ಕಾರಣ ಕೊಟ್ಟರು. ಹೀಗೆ ಕಾರಣ ಕೊಟ್ಟಾಗ ಮೋಸಹೋದಂತೆ ಅನ್ನಿಸುತ್ತದೆ ಎಂದು ದೂರುವ ಓದುಗರಿದ್ದಾರೆ. ನನಗೆ ಹಾಗೆನ್ನಿಸಲಿಲ್ಲ, ಏಕೆಂದರೆ ಈ ಕಾದಂಬರಿಯ ನಿಜವಾದ ಭಯ ದೆವ್ವದ್ದಲ್ಲ.

ಇಟಲಿಯ ಅಪೆನೈನ್ ಬೆಟ್ಟಗಳ ನಡುವಿನ ಉಡಾಲ್ಫೋ ಕೋಟೆಯಲ್ಲಿ ಎಮಿಲಿಗೆ ಕೊಟ್ಟ ಕೋಣೆಗೆ ಎರಡನೆಯ ಬಾಗಿಲೊಂದಿದೆ. ಅದರ ಅಗಳಿಗಳೆಲ್ಲ ಹೊರಗಡೆಗಿವೆ, ಒಳಗಡೆ ಒಂದೂ ಇಲ್ಲ. ಅವಳು ಭಾರವಾದ ಕುರ್ಚಿಯನ್ನು ಅದಕ್ಕೆ ಅಡ್ಡಲಾಗಿಟ್ಟು ಮಲಗಬೇಕಾಗುತ್ತದೆ. ಮಂಡ್ಯ ಜಿಲ್ಲೆಯ ನಮ್ಮ ಅಜ್ಜಿಯ ತೊಟ್ಟಿಮನೆಯಲ್ಲಿಯೂ ಹೊರಗಿನಿಂದ ಮಾತ್ರ ಚಿಲಕ ಹಾಕುವಂತಿದ್ದ ಒಂದು ಕತ್ತಲೆಕೋಣೆ ಇತ್ತು. ಆ ಪುಟಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಇಟಲಿಯಲ್ಲ, ಆ ಕೋಣೆ. ಕೋಟೆಯ ಒಡೆಯ ಮೊಂಟೋನಿಗೆ ಬೇಕಾಗಿರುವುದು ಮೊದಲು ಹೆಂಡತಿಯ, ಅಂದರೆ ಎಮಿಲಿಯ ಸೋದರತ್ತೆಯ, ಆಸ್ತಿ, ಆಮೇಲೆ ಎಮಿಲಿಯದು. ಪತ್ರಕ್ಕೆ ಸಹಿ ಬೀಳುವವರೆಗೂ ಬಿಡುಗಡೆಯಿಲ್ಲ. ಮದುವೆಯಾದ ಹೆಣ್ಣಿನ ಸ್ವತ್ತು ಬಹುಪಾಲು ಗಂಡನ ಕೈಸೇರುತ್ತಿದ್ದ ಇಂಗ್ಲೆಂಡಿನಲ್ಲಿ ಕುಳಿತು, ಕಥೆಯನ್ನು 1584ಕ್ಕೆ ಒಯ್ದು, ಒಬ್ಬ ಹೆಣ್ಣುಮಗಳು ಬರೆದದ್ದು ಇದು. ದೆವ್ವಗಳೆಲ್ಲ ಕರಗಿದ ಮೇಲೂ ಸಹಿ ಕೇಳುವ ಗಂಡಸು ನಿಜವಾಗಿಯೇ ಉಳಿಯುತ್ತಾನೆ.

ಈ ಕಾದಂಬರಿಗೆ ಪ್ರಕಾಶಕರು ರ‍್ಯಾಡ್‌ಕ್ಲಿಫ್ ಅವರಿಗೆ 500 ಪೌಂಡ್ ಕೊಟ್ಟರು, 1797ರ ಅವರ ಇನ್ನೊಂದು ಕಾದಂಬರಿ ‘ದಿ ಇಟಾಲಿಯನ್’ಗೆ 800 ಪೌಂಡ್. ಮೊದಲ ಕಾದಂಬರಿಗಳನ್ನು ಹೆಸರಿಲ್ಲದೆ ಪ್ರಕಟಿಸಿದ್ದ ಲೇಖಕಿಗೆ ಇದು ಸಣ್ಣ ಮೊತ್ತವಲ್ಲ.

ಪ್ರತಿಯ ಅತ್ಯುತ್ತಮ ಭಾಗ ಅನುಬಂಧ. ರ‍್ಯಾಡ್‌ಕ್ಲಿಫ್ ತೀರಿಕೊಂಡ ಮೂರು ವರ್ಷಗಳ ನಂತರ, 1826ರಲ್ಲಿ, ಪ್ರಕಟವಾದ ಅವರ ಪ್ರಬಂಧವನ್ನು ಅಲ್ಲಿ ಸೇರಿಸಿದ್ದಾರೆ. ಅಸ್ಪಷ್ಟವಾದುದರಿಂದ ಹುಟ್ಟುವ ಭೀತಿ ಚೇತನವನ್ನು ಹಿಗ್ಗಿಸಿ ಎಚ್ಚರಗೊಳಿಸುತ್ತದೆ, ಘೋರವಾದುದನ್ನು ಎದುರಿಗೇ ಕಂಡಾಗಿನ ದಿಗಿಲು ಅದನ್ನು ಕುಗ್ಗಿಸಿ ಮರಗಟ್ಟಿಸುತ್ತದೆ ಎನ್ನುವುದು ಅವರ ವಾದ. ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳೆಂದು ಓದಿಕೊಂಡ ನಮಗೆ ಈ ವಿಂಗಡಣೆ ಪೂರ್ತಿ ಹೊಂದದಿದ್ದರೂ ಹತ್ತಿರದ್ದೆನಿಸುತ್ತದೆ, ಮತ್ತು ಆ ಕಪ್ಪು ಪರದೆ ಅಷ್ಟು ಕಾಲ ಮುಚ್ಚಿಯೇ ಇದ್ದದ್ದೇಕೆಂಬುದು ತಿಳಿಯುತ್ತದೆ.

ಮೊದಲ ಸಂಪುಟ ನಿಧಾನ. ಬೆಟ್ಟ, ಕಣಿವೆ, ಸೂರ್ಯಾಸ್ತಗಳ ವರ್ಣನೆ ಪುಟಗಟ್ಟಲೆ ಸಾಗುತ್ತದೆ. ಲೇಖಕಿ ಇಟಲಿಯನ್ನು ಕಂಡವರೇ ಅಲ್ಲ. ಈ ಸಂಪುಟವನ್ನು ದಾಟಿದವರಿಗೆ ಕೋಟೆಯ ಹೆಬ್ಬಾಗಿಲು ತೆರೆಯುತ್ತದೆ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ತ್ರಿವೇಣಿಯವರನ್ನು ಓದಿ, ಮನೆಯ ನಾಲ್ಕು ಗೋಡೆಗಳ ನಡುವೆ ಹೆಣ್ಣಿನ ಮನಸ್ಸು ನಲುಗುವುದನ್ನು ಕಂಡವರಿಗೆ ಎಮಿಲಿ ಪರಕೀಯಳೆನಿಸುವುದಿಲ್ಲ. ಹಾಳೆ ಬಿಟ್ಟ ನನ್ನ ಪ್ರತಿಯನ್ನು ಹಿಂದಿರುಗಿಸಲು ಮನಸ್ಸಾಗಲಿಲ್ಲ. ಹೊಲಿಗೆ ಹಾಕಿಸಿ ಗಟ್ಟಿ ರಟ್ಟು ಕಟ್ಟಿಸಲು ಬೈಂಡಿಂಗ್‌ನವರಿಗೆ ಕೊಟ್ಟಿದ್ದೇನೆ.