ಸಬ್ಮಿಷನ್ ಗ್ರೈಂಡರ್: ಕಥೆ ಕಳಿಸಿ ಕಾಯುವವರಿಗೆ

ಇಂಗ್ಲಿಷ್ ಪತ್ರಿಕೆಗಳಿಗೆ ಕಥೆ ಕಳಿಸುವವರಿಗೆ ಲೆಕ್ಕ ಇಡದೆ ಗತಿಯಿಲ್ಲ. ಒಂದು ಕಥೆ ವಾಪಸ್ ಬಂದು ಇನ್ನೊಂದು ಕಡೆ ಹೋಗಿರುತ್ತದೆ. ಮತ್ತೊಂದು ಎಲ್ಲೋ ತಿಂಗಳುಗಟ್ಟಲೆ ಕೂತಿರುತ್ತದೆ. ಒಂದೇ ಕಥೆಯನ್ನು ಏಕಕಾಲಕ್ಕೆ ಬೇರೆ ಕಡೆಗೂ ಕಳಿಸಿದರೆ ಕೆಲವು ಪತ್ರಿಕೆಗಳಿಗೆ ಅಭ್ಯಂತರವಿಲ್ಲ, ಕೆಲವಕ್ಕೆ ಸುತರಾಂ ಆಗುವುದಿಲ್ಲ. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ನಾನು ಬಳಸುವುದು ಸಬ್ಮಿಷನ್ ಗ್ರೈಂಡರ್ ಎಂಬ ವೆಬ್‌ಸೈಟ್. ಪೂರ್ತಿ ಪುಕ್ಕಟೆ. ಇದರ ಹುಟ್ಟಿನ ಹಿಂದೆ ಒಂದು ಕಾರಣ ಇದೆ. 2005ರಿಂದ ಡ್ಯುಯೋಟ್ರೋಪ್ ಎಂಬ ಸೈಟು ಇದೇ ಕೆಲಸ ಮಾಡುತ್ತಿತ್ತು, ದೇಣಿಗೆಯ ಮೇಲೆ ನಡೆಯುತ್ತಿತ್ತು. 2013ರ ಜನವರಿಯಿಂದ ಅದು ಚಂದಾ ಕೇಳತೊಡಗಿತು, ತಿಂಗಳಿಗೆ 5 ಡಾಲರ್. ಆಗ ಡೇವಿಡ್ ಸ್ಟೆಫನ್ ತಮ್ಮ ಡಯಾಬಾಲಿಕಲ್ ಪ್ಲಾಟ್ಸ್ ಎಂಬ ಜಾಲತಾಣದ ಕಡೆಯಿಂದ ಗ್ರೈಂಡರ್ ಶುರು ಮಾಡಿದರು. ಒಂದೊಂದು ಕಥೆಗೆ ಸಿಗುವ ಸಂಭಾವನೆ ನೋಡಿದರೆ, ಹೊಸ ಬರಹಗಾರರಿಗೆ ಈ ಪುಕ್ಕಟೆಯೇ ದೊಡ್ಡ ವಿಷಯ.

ನೋಡಲು ಚೆನ್ನಾಗಿದೆ ಅಂತ ಹೇಳಲಾರೆ. ಬರೀ ಪಟ್ಟಿ, ಲಿಂಕು, ಸಣ್ಣ ಅಕ್ಷರ. ಫೋನಿನಲ್ಲಿ ನೋಡಿದರೆ ಕಣ್ಣು ಕಿರಿದು ಮಾಡಬೇಕು. ಆದರೆ ಕೆಲಸ ಸಲೀಸು. ಕಥೆಯ ಹೆಸರು, ಪದಗಳ ಸಂಖ್ಯೆ, ಯಾವ ಬಗೆಯ ಕಥೆ ಅಂತ ಒಮ್ಮೆ ತುಂಬಿಸಿದರೆ ಸಾಕು. ಯಾವ ಪತ್ರಿಕೆಗೆ ಯಾವ ದಿನ ಕಳಿಸಿದಿರಿ ಅಂತ ನಮೂದಿಸಿ. ಉತ್ತರ ಬಂದಾಗ ಸ್ವೀಕೃತವೋ, ಎಲ್ಲರಿಗೂ ಕಳಿಸುವ ಅಚ್ಚಿನ ವಿಷಾದಪತ್ರವೋ, ಸಂಪಾದಕರು ಎರಡು ಸಾಲು ಸ್ವಂತವಾಗಿ ಬರೆದ ವಿಷಾದಪತ್ರವೋ ಅಂತ ಗುರುತು ಹಾಕಿ. ಈ ಎರಡು ವಿಷಾದಪತ್ರಗಳನ್ನು ಬೇರೆ ಬೇರೆ ಇಟ್ಟಿರುವುದು ನನಗೆ ತುಂಬ ಇಷ್ಟ. ಯಾವ ಸಂಪಾದಕರಿಗೆ ಮುಂದಿನ ಕಥೆ ಮೊದಲು ಕಳಿಸಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಸುಮ್ನೆ ಇಷ್ಟಕ್ಕೇ ಆದರೆ ಒಂದು ಎಕ್ಸೆಲ್ ಹಾಳೆ ಸಾಕಿತ್ತು, ಅಲ್ವಾ? ಗ್ರೈಂಡರ್‌ನ ಬೆಲೆ ಇರುವುದು ನನ್ನ ಲೆಕ್ಕದಲ್ಲಲ್ಲ, ಬೇರೆಯವರ ಲೆಕ್ಕದಲ್ಲಿ. ಎಲ್ಲರೂ ತುಂಬಿಸಿದ ತಾರೀಖುಗಳು ಹೆಸರಿಲ್ಲದೆ ಒಂದೆಡೆ ಸೇರುತ್ತವೆ. ಒಂದು ಪತ್ರಿಕೆಯ ಪುಟ ತೆರೆದರೆ ಎಷ್ಟು ದಿನಕ್ಕೆ ಎಷ್ಟು ಕಥೆಗಳಿಗೆ ಉತ್ತರ ಬಂತು ಅನ್ನುವುದು ನಕ್ಷೆಯಲ್ಲಿ ಕಾಣುತ್ತದೆ.

ಆ ನಕ್ಷೆ ಓದಲು ಸ್ವಲ್ಪ ಅಭ್ಯಾಸ ಬೇಕು. ಸರಾಸರಿ ನೋಡಿಕೊಂಡು ಕೂರಬೇಡಿ. ಬಹಳಷ್ಟು ಪತ್ರಿಕೆಗಳಲ್ಲಿ ಮೊದಲು ಓದುವವರು ಸಹಾಯಕರು. ಅವರು ಬೇಡ ಅಂದ ಕಥೆ ಬೇಗ ವಾಪಸ್ ಬರುತ್ತದೆ. ಅವರು ದಾಟಿಸಿದ್ದು ಸಂಪಾದಕರ ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ. ಹಾಗಾಗಿ ನಕ್ಷೆಯಲ್ಲಿ ಮೊದಲು ವಿಷಾದಗಳ ಎತ್ತರದ ಗುಡ್ಡೆ, ಆಮೇಲೆ ಉದ್ದಕ್ಕೆ ಎಳೆದ ಬಾಲ. ಸ್ವೀಕೃತಗಳು ಹೆಚ್ಚಾಗಿ ಆ ಬಾಲದಲ್ಲೇ ಇರುತ್ತವೆ. ನಿಮ್ಮ ಕಥೆ ಗುಡ್ಡೆ ದಾಟಿ ಬಾಲಕ್ಕೆ ಬಂದಿದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಸ್ವಲ್ಪವೇ. ಸಂಪಾದಕರು ರಜೆ ಹಾಕಿರಲೂಬಹುದು.

ಇದರಿಂದ ಆಗುವ ದೊಡ್ಡ ಉಪಕಾರ ಎಂದರೆ, ವಿಚಾರಿಸಿ ಪತ್ರ ಬರೆಯಬೇಕೋ ಬೇಡವೋ ಅನ್ನುವುದು ತೀರ್ಮಾನವಾಗುತ್ತದೆ. ಎಲ್ಲರ ಕಥೆಯೂ ಅಷ್ಟೇ ದಿನದಿಂದ ಕಾಯುತ್ತಿದ್ದರೆ ಸುಮ್ಮನಿರಬೇಕು. ನಂತರ ಕಳಿಸಿದವರಿಗೆಲ್ಲ ಉತ್ತರ ಬಂದು ನಮ್ಮದು ಮಾತ್ರ ಉಳಿದಿದ್ದರೆ, ಪತ್ರಿಕೆಯ ನಿಯಮದಲ್ಲಿ ಹೇಳಿದ ಅವಧಿ ಮುಗಿದ ಕೂಡಲೇ ವಿನಯದಿಂದ ಒಂದು ಸಾಲು ಬರೆಯಬೇಕು.

ಕೆಲವು ಪತ್ರಿಕೆಗಳು ತಾವೇ ಸುದ್ದಿ ಕೊಡುತ್ತವೆ. ಕ್ಲಾರ್ಕ್ಸ್‌ವರ್ಲ್ಡ್ ಎಂಬ ವಿಜ್ಞಾನ ಕಥೆಗಳ ಪತ್ರಿಕೆಯಲ್ಲಿ ನಿಮ್ಮ ಕಥೆ ಸರದಿಯಲ್ಲಿ ಎಷ್ಟನೆಯದು ಅಂತಲೇ ನೋಡಬಹುದು. ಪತ್ರಿಕೆಗಳು ಕಥೆ ತೆಗೆದುಕೊಳ್ಳಲು ಬಳಸುವ ಸಬ್ಮಿಟಬಲ್ ಎಂಬ ಸೈಟಿನ ಮೂಲಕ ಕಳಿಸಿದರೆ ‘ರಿಸೀವ್ಡ್’ ಇದ್ದದ್ದು ಒಂದು ದಿನ ‘ಇನ್ ಪ್ರೋಗ್ರೆಸ್’ ಆಗುತ್ತದೆ. ಅದನ್ನು ಶಕುನದ ಹಾಗೆ ನೋಡುವವರಿದ್ದಾರೆ. ಒಳಗೆ ಯಾರೋ ಏನೋ ಕೈಯಾಡಿಸಿದ್ದಾರೆ ಅಂತ ಅರ್ಥ, ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಗ್ರೈಂಡರ್ ಹೇಳುವ ಸ್ವೀಕೃತಿಯ ಶೇಕಡಾವಾರನ್ನು ಮಾತ್ರ ನಾನು ನಂಬುವುದಿಲ್ಲ. ತುಂಬಿಸುವವರು ನಮ್ಮಂಥವರೇ ತಾನೇ. ಕಥೆ ಸ್ವೀಕೃತವಾದವರು ಓಡಿ ಬಂದು ದಾಖಲಿಸುತ್ತಾರೆ. ಬೇಜಾರಾದವರು ಆ ಕಡೆ ತಲೆ ಹಾಕುವುದಿಲ್ಲ. ಸೈಟಿನ ಹೆಸರೇ ಕೇಳದವರು ಇನ್ನೂ ಎಷ್ಟೋ. ಅಲ್ಲಿ ಕಾಣುವ ಸಂಖ್ಯೆಗಿಂತ ನಿಜವಾದ ಸಂಖ್ಯೆ ಇನ್ನೂ ಕಡಿಮೆ ಅಂತಲೇ ಇಟ್ಟುಕೊಳ್ಳಿ. ಪತ್ರಿಕೆಯ ನಿಯಮಗಳನ್ನೂ ಇಲ್ಲಿ ನೋಡಿ ಬಿಡಬೇಡಿ, ಕಳಿಸುವ ದಿನ ಅವರ ಪುಟಕ್ಕೇ ಹೋಗಿ ಓದಿ. ಬಾಗಿಲು ಯಾವಾಗ ಮುಚ್ಚುತ್ತದೋ ಹೇಳಲಾಗದು. 2023ರ ಫೆಬ್ರವರಿಯಲ್ಲಿ ಎಐ ಯಂತ್ರ ಬರೆದ ಕಥೆಗಳು ರಾಶಿ ಬಿದ್ದು ಕ್ಲಾರ್ಕ್ಸ್‌ವರ್ಲ್ಡ್ ಇದ್ದಕ್ಕಿದ್ದಂತೆ ಕಥೆ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಿತ್ತು.

ಇದರ ಜೊತೆಗೆ ನನ್ನದೇ ಒಂದು ಹಾಳೆಯೂ ಇದೆ. ಕಥೆಯ ಯಾವ ಕರಡು ಕಳಿಸಿದೆ, ಸಂಪಾದಕರು ಏನು ಬರೆದರು, ಅಚ್ಚಾದ ಮೇಲೆ ಎಷ್ಟು ಕಾಲ ಬೇರೆ ಕಡೆ ಕೊಡುವಂತಿಲ್ಲ, ಇವೆಲ್ಲ ಅದರಲ್ಲಿ. ಪುಕ್ಕಟೆ ಸೈಟು ಒಂದು ದಿನ ನಿಂತುಹೋದರೆ ನನ್ನ ಲೆಕ್ಕ ನನ್ನ ಬಳಿ ಇರಲಿ ಅನ್ನುವ ಹುಷಾರಿಯೂ ಸೇರಿದೆ.

ಇನ್ನೊಂದು ತೊಂದರೆ ಇದೆ, ಅದು ಸೈಟಿನದ್ದಲ್ಲ. ಇತ್ತೀಚೆಗೆ ಯಾರಿಗೆ ಉತ್ತರ ಬಂತು ಅನ್ನುವ ಪಟ್ಟಿಯನ್ನು ಮತ್ತೆ ಮತ್ತೆ ನೋಡುವ ಚಟ ಹತ್ತುತ್ತದೆ. ನಾನೀಗ ಕಥೆ ಕಳಿಸುವಾಗ, ಉತ್ತರ ಬಂದಾಗ ಮಾತ್ರ ಸೈಟು ತೆರೆಯುತ್ತೇನೆ. ಬಹುಮಟ್ಟಿಗೆ.

ಡ್ಯುಯೋಟ್ರೋಪ್‌ಗೆ ದುಡ್ಡು ಕೊಡಬೇಕೇ ಅಂತ ಕೇಳಿದರೆ, ನೀವು ಏನು ಬರೆಯುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ವಿಜ್ಞಾನ ಕಥೆ, ಫ್ಯಾಂಟಸಿ, ಹಾರರ್ ಬರೆಯುವವರು ಗ್ರೈಂಡರ್‌ನಲ್ಲಿ ತುಂಬಾ ಇದ್ದಾರೆ, ಆ ಪತ್ರಿಕೆಗಳ ಮಾಹಿತಿ ಗಟ್ಟಿಯಾಗಿದೆ. ಅಂಥವರಿಗೆ ಇದೊಂದೇ ಸಾಕು. ಕವಿತೆ ಅಥವಾ ಸಾಹಿತ್ಯ ಪತ್ರಿಕೆಗಳ ಕಥೆ ನಿಮ್ಮ ದಾರಿಯಾದರೆ, ನಿಮಗೆ ಬೇಕಾದ ಪತ್ರಿಕೆಗಳ ಪುಟ ಇಲ್ಲಿ ಮೊದಲು ತೆರೆದು ನೋಡಿ. ನಕ್ಷೆಯಲ್ಲಿ ಬರೀ ನಾಲ್ಕೈದು ಗೆರೆ ಕಂಡರೆ ಒಂದು ತಿಂಗಳ 5 ಡಾಲರ್ ಕೊಟ್ಟು ಅಲ್ಲೂ ಹೋಲಿಸಿ ನೋಡಬಹುದು.