ಎರಡು ದಿನದ ಕೆಲಸಕ್ಕೆ ಯಾವ ಊರು ವಾಸಿ? ಹಾಂಗ್‌ಕಾಂಗ್, ಸಿಂಗಪುರ, ಲಂಡನ್, ಟೋಕಿಯೊ: ಒಂದು ಹೋಲಿಕೆ

ಕೆಲಸದ ಮೇಲೆ ಬಂದವರಿಗೆ ಹೋಟೆಲಿನ ಈಜುಕೊಳಕ್ಕಿಂತ ಲೆಕ್ಕ ತಪ್ಪದ ಸಮಯ ಮುಖ್ಯ. ವಿಮಾನ ಇಳಿದ ಮೇಲೆ ಎಷ್ಟು ಹೊತ್ತಿಗೆ ಮೀಟಿಂಗಿನ ಕುರ್ಚಿಯಲ್ಲಿ ಕೂತಿರುತ್ತೇವೆ ಎಂದು ಹಿಂದಿನ ವಾರವೇ ಹೇಳಲು ಬರುವ ಊರು ನಮ್ಮ ಪಾಲಿಗೆ ಒಳ್ಳೆಯ ಊರು. ಈ ಒಂದೇ ಅಳತೆಗೋಲು ಹಿಡಿದು ನಾಲ್ಕು ನಗರಗಳನ್ನು ಬಳಸಿ ನೋಡಿದಾಗ ಕಂಡದ್ದನ್ನು ಇಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ. ಎಲ್ಲ ಸರಿಯಿದ್ದ ದಿನ ನಾಲ್ಕೂ ಊರು ಚೆನ್ನಾಗಿಯೇ ನಡೆಯುತ್ತವೆ. ಆದ್ದರಿಂದ ಕೆಟ್ಟ ದಿನ ಎಷ್ಟರ ಮಟ್ಟಿಗೆ ಕೆಡುತ್ತದೆ ಎನ್ನುವುದಕ್ಕೆ ಹೆಚ್ಚು ತೂಕ ಕೊಟ್ಟಿದ್ದೇವೆ.

ಈ ಅಳತೆಯಲ್ಲಿ ಹಾಂಗ್‌ಕಾಂಗ್ ಎಲ್ಲರಿಗಿಂತ ಮುಂದಿದೆ. 1998ರಲ್ಲಿ ಈಗಿನ ವಿಮಾನ ನಿಲ್ದಾಣ ತೆರೆದಾಗಲೇ ಅದರ ಜೊತೆಗೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲೂ ಬಂತು. ಆಗಮನದ ಹಾಲಿನಿಂದ ಲಗೇಜ್ ಟ್ರಾಲಿಯನ್ನು ತಳ್ಳಿಕೊಂಡೇ ಪ್ಲಾಟ್‌ಫಾರಂಗೆ ಹೋಗಬಹುದು, ಮೆಟ್ಟಿಲಿನ ಗೊಡವೆ ಇಲ್ಲ. ಸುಮಾರು 10 ನಿಮಿಷಕ್ಕೊಂದು ರೈಲು, ಹಾಂಗ್‌ಕಾಂಗ್ ಸ್ಟೇಷನ್‌ಗೆ 24 ನಿಮಿಷ. ಸ್ಟೇಷನ್ನಿನ ತಲೆಯ ಮೇಲೆಯೇ ಐಎಫ್‌ಸಿ ಎಂಬ ಕಚೇರಿ ಕಟ್ಟಡಗಳು. ಅಲ್ಲಿಂದ ಶುರುವಾಗುವ ಮೇಲ್ನಡಿಗೆ ಸೇತುವೆಗಳು ಕಚೇರಿಯಿಂದ ಕಚೇರಿಗೆ ಹಬ್ಬಿಕೊಂಡಿವೆ. ಜಡಿಮಳೆಯಲ್ಲೂ ಶೂ ನೆನೆಯದೆ ಸೆಂಟ್ರಲ್ ಎಂಬ ಕಚೇರಿ ಬಡಾವಣೆಯ ಹಲವು ಕಚೇರಿಗಳನ್ನು ಮುಟ್ಟಬಹುದು. ಹೊಸಬರು ಇಲ್ಲಿ ಮಾಡುವ ತಪ್ಪು ಒಂದೇ: ಫೋನಿನ ನಕ್ಷೆಯಲ್ಲಿ ಎದುರಿಗೇ ಕಾಣುವ ಕಟ್ಟಡಕ್ಕೆ ಹೋಗಲು ಕೆಳಗಿನ ರಸ್ತೆಗೆ ಇಳಿಯುವುದು. ಕನಾಟ್ ರಸ್ತೆಯಂಥ ಅಗಲದ ರಸ್ತೆಯನ್ನು ನೆಲಮಟ್ಟದಲ್ಲಿ ದಾಟಲು ಜಾಗ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಇಳಿಯಬೇಡಿ, ಮೇಲೆಯೇ ನಡೆಯಿರಿ.

ಹೋಟೆಲ್ ಬಂದರಿನ ಆಚೆ ದಡದ ಕೌಲೂನ್ ಕಡೆ ಸಿಕ್ಕರೂ ಚಿಂತೆಯಿಲ್ಲ. ಅಲ್ಲಿನ ಚಿಮ್ ಶಾ ಚುಯಿಯಿಂದ ಸೆಂಟ್ರಲ್‌ಗೆ ಮೆಟ್ರೋದಲ್ಲಿ ಎರಡೇ ನಿಲ್ದಾಣ. ಸಂಜೆ ಅದೇ ದಾರಿಗೆ ಟ್ಯಾಕ್ಸಿ ಹಿಡಿದರೆ ಬಂದರಿನ ಕೆಳಗಿನ ಸುರಂಗದ ಬಾಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಈ ಊರಿನ ನಿಜವಾದ ಅಪಾಯ ಚಂಡಮಾರುತ. 8ನೇ ಸಂಖ್ಯೆಯ ಚಂಡಮಾರುತ ಎಚ್ಚರಿಕೆಯ ಸಂಕೇತ ಏರಿತೆಂದರೆ ಕಚೇರಿಗಳು ಬಾಗಿಲು ಹಾಕುತ್ತವೆ, ಬಸ್ಸು, ದೋಣಿ ನಿಲ್ಲುತ್ತವೆ, ನಿಮ್ಮ ಮೀಟಿಂಗೂ ನಿಲ್ಲುತ್ತದೆ. ಜುಲೈನಿಂದ ಸೆಪ್ಟೆಂಬರ್ ನಡುವೆ ಹೋಗುವುದಿದ್ದರೆ ವಾಪಸ್ ಟಿಕೆಟ್ಟನ್ನು ಬದಲಿಸಬಹುದಾದ ದರದಲ್ಲೇ ತೆಗೆದುಕೊಳ್ಳಿ.

ಸಿಂಗಪುರ ವೇಗದಲ್ಲಿ ಸ್ವಲ್ಪ ಹಿಂದೆ, ತಪ್ಪು ಮಾಡಲು ಬಿಡದಿರುವುದರಲ್ಲಿ ಮುಂದೆ. ಚಾಂಗಿ ವಿಮಾನ ನಿಲ್ದಾಣದಿಂದ ನಗರದ ನಡುಭಾಗಕ್ಕೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯೊಳಗಿನ ಮಾತು. ರೈಲಿನಲ್ಲಿ ಅದಕ್ಕಿಂತ ತುಸು ಹೆಚ್ಚು, ತಾನಾ ಮೇರಾದಲ್ಲಿ ಒಮ್ಮೆ ಬದಲಿಸಬೇಕು. ರೈಲಿಗೆ ಬೇರೆ ಕಾರ್ಡ್ ಬೇಡ, ತಾಗಿಸಿ ಪಾವತಿಸುವ ಬ್ಯಾಂಕ್ ಕಾರ್ಡೇ ಸಾಕು. ಟರ್ಮಿನಲ್ 4ರಲ್ಲಿ ಇಳಿದವರು ಮಾತ್ರ ರೈಲಿಗೆ ಮೊದಲು ಬಸ್ಸು ಹಿಡಿಯಬೇಕು, ಆ ಸಮಯವನ್ನು ಲೆಕ್ಕಕ್ಕೆ ಸೇರಿಸಿ. ಕೈಕೊಡುವ ಜಾಗಗಳು ಎರಡು. ಮೊದಲನೆಯದು ಆಗಮನ ಕಾರ್ಡ್: ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಅದು ಉಚಿತ. ಹುಡುಕಾಟದಲ್ಲಿ ಮೇಲೆ ಬರುವ, ಇದೇ ಕೆಲಸಕ್ಕೆ ಶುಲ್ಕ ಕೇಳುವ ಜಾಲತಾಣಗಳು ಸರ್ಕಾರದ್ದಲ್ಲ. ಎರಡನೆಯದು ಸಂಜೆಯ ಮಳೆ. ಕಚೇರಿ ಬಿಡುವ ಹೊತ್ತಿಗೆ ಮಳೆ ಹಿಡಿದರೆ ಟ್ಯಾಕ್ಸಿ ಸಿಗುವುದಿಲ್ಲ, ಸಿಕ್ಕರೂ ಆ ಹೊತ್ತಿನ ಹೆಚ್ಚುವರಿ ದರ ಬೀಳುತ್ತದೆ. ಸಂಜೆಯ ವಿಮಾನವಿದ್ದರೆ ರೈಲನ್ನೇ ನಂಬಿ.

ಲಂಡನ್ನಿನ ವಿಷಯ ಬೇರೆ. ಅದು ಒಂದು ಊರು ಎಂದುಕೊಂಡು ಹೋದವರು ಕೆಡುತ್ತಾರೆ. ಟಿಕೆಟ್ ತೆಗೆಯುವ ಮುಂಚೆಯೇ ಮೀಟಿಂಗ್ ಎಲ್ಲಿ ಎಂದು ಕೇಳಬೇಕು, ಏಕೆಂದರೆ ಯಾವ ವಿಮಾನ ನಿಲ್ದಾಣ ಎನ್ನುವುದರ ಮೇಲೆ ಇಡೀ ದಿನ ನಿಂತಿದೆ. ಪೂರ್ವ ಲಂಡನ್ನಿನ ಕಚೇರಿ ಬಡಾವಣೆ ಕೆನರಿ ವಾರ್ಫ್‌ನಲ್ಲಿ ಕೆಲಸ, ಯುರೋಪಿನ ಒಳಗಿನಿಂದ ಪ್ರಯಾಣ ಎಂದಾದರೆ ಲಂಡನ್ ಸಿಟಿ ನಿಲ್ದಾಣಕ್ಕೆ ಸಾಟಿಯಿಲ್ಲ. ಡಿಎಲ್‌ಆರ್ ಎಂಬ ನಗರದ ಲಘು ರೈಲು ಟರ್ಮಿನಲ್ಲಿನ ಮಗ್ಗುಲಲ್ಲೇ ನಿಲ್ಲುತ್ತದೆ. ಅದರ ರನ್‌ವೇ ಬರೀ 1508 ಮೀಟರ್ ಇರುವುದರಿಂದ ದೊಡ್ಡ ವಿಮಾನಗಳು ಅಲ್ಲಿ ಇಳಿಯುವುದಿಲ್ಲ, ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ನಿಲ್ದಾಣವೇ ಮುಚ್ಚಿರುತ್ತದೆ. ದೂರದಿಂದ ಬರುವವರಿಗೆ ಹೀಥ್ರೂ.

ಹೀಥ್ರೂವಿನಲ್ಲಿ ವೇಗದ ರೈಲೇ ಬೇಗ ಮುಟ್ಟಿಸುತ್ತದೆ ಎಂಬ ನಂಬಿಕೆ ಅರ್ಧ ನಿಜ. ಹೀಥ್ರೂ ಎಕ್ಸ್‌ಪ್ರೆಸ್ 15 ನಿಮಿಷದಲ್ಲಿ ಪ್ಯಾಡಿಂಗ್ಟನ್‌ಗೆ ತಲುಪಿಸುತ್ತದೆ ನಿಜ, ಆದರೆ ಕಚೇರಿಗಳಿರುವುದು ಪ್ಯಾಡಿಂಗ್ಟನ್‌ನಲ್ಲಲ್ಲ. 2022ರ ಮೇ ತಿಂಗಳಲ್ಲಿ ನಗರದ ಅಡಿಯ ಸುರಂಗ ತೆರೆದು, ಅದೇ ನವೆಂಬರ್‌ನಲ್ಲಿ ನೇರ ಓಡಾಟ ಶುರುವಾದ ಮೇಲೆ, ಎಲಿಜಬೆತ್ ಲೈನ್ ರೈಲು ಇಳಿಯುವ ಗೋಜಿಲ್ಲದೆ ಕಚೇರಿಗಳ ನಡುವಿನ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್‌ಗೆ ಮುಕ್ಕಾಲು ಗಂಟೆಯೊಳಗೆ ಕರೆದೊಯ್ಯುತ್ತದೆ, ದರವೂ ಕಡಿಮೆ. ಪ್ಯಾಡಿಂಗ್ಟನ್ ಸುತ್ತಮುತ್ತ ಕೆಲಸವಿದ್ದರೆ ಮಾತ್ರ ಎಕ್ಸ್‌ಪ್ರೆಸ್‌ಗೆ ದುಡ್ಡು ಕೊಡಿ. ಎಲಿಜಬೆತ್ ಲೈನಿನಲ್ಲೂ ಒಂದು ಎಚ್ಚರ: ವೈಟ್‌ಚಾಪೆಲ್ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಕೆನರಿ ವಾರ್ಫ್‌ಗೆ ಅಬ್ಬೀ ವುಡ್ ಎಂದು ಬೋರ್ಡಿರುವ ರೈಲೇ ಆಗಬೇಕು. ಶೆನ್‌ಫೀಲ್ಡ್ ರೈಲು ಹತ್ತಿದ್ದರೆ ಗಾಬರಿ ಬೇಡ, ವೈಟ್‌ಚಾಪೆಲ್‌ನಲ್ಲಿ ಇಳಿದು ಮುಂದಿನದಕ್ಕೆ ಕಾದರಾಯಿತು.

ಲಂಡನ್ನಿನಲ್ಲಿ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವ ಜಾಗ ಸ್ಟೇಷನ್ ಗೇಟು. ಒಳಗೆ ಹೋಗುವಾಗ ಕಾರ್ಡ್ ತಾಗಿಸಿ, ಹೊರಗೆ ಬರುವಾಗ ಅದೇ ಕಾರ್ಡನ್ನು ಸೇರಿಸಿದ ಫೋನ್ ತಾಗಿಸಿದರೆ, ಯಂತ್ರದ ಕಣ್ಣಿಗೆ ಅವು ಎರಡು ಬೇರೆ ಪ್ರಯಾಣಗಳು. ಎರಡೂ ಅರ್ಧಕ್ಕೇ ನಿಂತವು ಎಂದು ತಿಳಿದು ಎರಡಕ್ಕೂ ಗರಿಷ್ಠ ದರ ಹಾಕುತ್ತದೆ. ಒಂದು ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ದರ ಹಾಕುವುದಿಲ್ಲ ಎಂಬ ಮಿತಿಯ ಲಾಭವೂ ತಪ್ಪುತ್ತದೆ. ಬೆಳಿಗ್ಗೆ ಯಾವುದನ್ನು ತಾಗಿಸಿದಿರೋ ರಾತ್ರಿಯವರೆಗೂ ಅದನ್ನೇ ತಾಗಿಸಿ.

ಟೋಕಿಯೊದಲ್ಲಿ ಮೊದಲ ಪ್ರಶ್ನೆ ಎರಡು ವಿಮಾನ ನಿಲ್ದಾಣಗಳಲ್ಲಿ ಹನೇಡಾವೋ ನರೀಟಾವೋ ಎಂಬುದು. ಹನೇಡಾದಿಂದ ಕೇಕ್ಯೂ ರೈಲಿನಲ್ಲಿ ನಗರದೊಳಗಿನ ಶಿನಗಾವಾ ಸ್ಟೇಷನ್‌ಗೆ ಕಾಲು ಗಂಟೆಯೊಳಗೆ. ನರೀಟಾ ನಗರದಿಂದ ಸುಮಾರು 60 ಕಿಲೋಮೀಟರ್ ದೂರ, ನರೀಟಾ ಎಕ್ಸ್‌ಪ್ರೆಸ್‌ನಲ್ಲೂ ಟೋಕಿಯೊ ಸ್ಟೇಷನ್‌ಗೆ ಒಂದು ಗಂಟೆ ಹಿಡಿಯಿರಿ. ಜೊತೆಗೆ ಆ ರೈಲು ನಿಲ್ಲುವ ಪ್ಲಾಟ್‌ಫಾರಂ ನೆಲದ ಬಹಳ ಕೆಳಗಿದೆ. ಅಲ್ಲಿಂದ ಮೇಲೆ ಬಂದು ರಸ್ತೆ ಕಾಣಲು ಇನ್ನೂ ಹತ್ತು ನಿಮಿಷ. ಟಿಕೆಟ್ ದರದಲ್ಲಿ ವ್ಯತ್ಯಾಸವಿದ್ದರೂ ಎರಡು ದಿನದ ಕೆಲಸಕ್ಕೆ ಹನೇಡಾವನ್ನೇ ಆರಿಸಬೇಕೆಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಟೋಕಿಯೊದ ರೈಲಿನ ಸಮಯವನ್ನು ನಂಬಬಹುದು, ಸ್ಟೇಷನ್ನಿನ ಒಳಗಿನ ನಡಿಗೆಯನ್ನು ನಂಬಲಾಗದು. ಶಿಂಜುಕು ಸ್ಟೇಷನ್‌ಗೆ ಇನ್ನೂರಕ್ಕೂ ಮೀರಿ ದ್ವಾರಗಳಿವೆ. ತಪ್ಪು ದ್ವಾರದಲ್ಲಿ ಹೊರಬಿದ್ದರೆ ಹಳಿಯ ಆಚೆ ಬದಿಗೆ ಸುತ್ತಿ ಬರಬೇಕು. ಆದ್ದರಿಂದ ಕರೆದವರಿಂದ ವಿಳಾಸದ ಜೊತೆಗೆ ದ್ವಾರದ ಸಂಖ್ಯೆಯನ್ನೂ ಕೇಳಿ ಪಡೆಯಿರಿ, ಅಲ್ಲಿನವರೂ ಹಾಗೆಯೇ ದಾರಿ ಹೇಳುತ್ತಾರೆ. ರೈಲಿಗೆ ತಾಗಿಸಿ ಪಾವತಿಸುವ ಸುಯಿಕಾ ಕಾರ್ಡನ್ನು ಐಫೋನಿಗೆ ಸೇರಿಸಬಹುದು, ಆದರೆ ಜಪಾನಿನ ಹೊರಗೆ ಮಾರುವ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಅದು ನಡೆಯುವುದಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ರೈಲುಗಳು ನಿಂತರೆ ಮತ್ತೆ ಶುರುವಾಗುವುದು ಬೆಳಗಿನ ಐದರ ಸುಮಾರಿಗೆ. ಊಟ ತಡವಾಯಿತೆಂದರೆ ರಾತ್ರಿ 10ರ ಮೇಲಿನ ಶೇ. 20 ಹೆಚ್ಚುವರಿ ದರದ ಟ್ಯಾಕ್ಸಿಯೇ ಗತಿ.

ಚಿಕ್ಕದಾದರೂ ಮರೆಯಬಾರದ್ದು ಪ್ಲಗ್. ಮೊದಲ ಮೂರು ಊರಿಗೂ ಒಂದೇ ಬಗೆಯ ಚೌಕ ಮೂರು ಕಡ್ಡಿಯ ಪ್ಲಗ್ ಸಾಕು. ಟೋಕಿಯೊದಲ್ಲಿ ಚಪ್ಪಟೆ ಎರಡು ಕಡ್ಡಿ, 100 ವೋಲ್ಟ್. ಲ್ಯಾಪ್‌ಟಾಪ್ ಚಾರ್ಜರ್ ಇದಕ್ಕೆ ಹೊಂದಿಕೊಳ್ಳುತ್ತದೆ, 230 ವೋಲ್ಟ್‌ಗೆಂದು ಮಾಡಿದ ಇಸ್ತ್ರಿಪೆಟ್ಟಿಗೆ ಸರಿಯಾಗಿ ಕಾಯುವುದಿಲ್ಲ.

ಕೆಲಸ ವಸ್ತುಪ್ರದರ್ಶನದಲ್ಲಿ ಮಾತ್ರ ಎಂದಾದರೆ ಮೇಲಿನ ಲೆಕ್ಕವೇ ತಿರುಗುತ್ತದೆ. ಹಾಂಗ್‌ಕಾಂಗ್‌ನ ಪ್ರದರ್ಶನ ಕೇಂದ್ರ ಏಷ್ಯಾವರ್ಲ್ಡ್ ಎಕ್ಸ್‌ಪೋ ವಿಮಾನ ನಿಲ್ದಾಣದ ಮುಂದಿನ ನಿಲ್ದಾಣದಲ್ಲೇ ಇದೆ, ಸಿಂಗಪುರದ ಎಕ್ಸ್‌ಪೋ ಚಾಂಗಿಯಿಂದ ಒಂದೇ ನಿಲ್ದಾಣ. ಈ ಎರಡಕ್ಕೂ ನಗರದ ನಡುವೆ ಕೋಣೆ ಹಿಡಿದರೆ ದಿನಾ ಎರಡು ಸಲ ವೃಥಾ ಓಡಾಟ. ಲಂಡನ್ನಿನ ಎಕ್ಸೆಲ್ ಪ್ರದರ್ಶನ ಕೇಂದ್ರಕ್ಕೆ ಅಬ್ಬೀ ವುಡ್ ರೈಲು ಹಿಡಿದು ಕಸ್ಟಮ್ ಹೌಸ್‌ನಲ್ಲಿ ಇಳಿಯಬೇಕು.

ಕೊನೆಯ ದಿನದ ಪೆಟ್ಟಿಗೆ ನಾಲ್ಕೂ ಊರಿನ ಕಠಿಣ ಪರೀಕ್ಷೆ. ಬೆಳಿಗ್ಗೆ ಕೋಣೆ ಬಿಡಬೇಕು, ವಿಮಾನ ರಾತ್ರಿಗೆ, ನಡುವೆ ಎರಡು ಮೀಟಿಂಗು. ಹಾಂಗ್‌ಕಾಂಗ್ ಸ್ಟೇಷನ್ನಿನಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಟಿಕೆಟ್ ಇದ್ದರೆ ನಗರದೊಳಗೇ ಚೆಕ್‌-ಇನ್ ಮಾಡಿ ಪೆಟ್ಟಿಗೆ ಒಪ್ಪಿಸಿಬಿಡಬಹುದು, ಆಮೇಲೆ ಅದು ಸಿಗುವುದು ಇಳಿಯುವ ಊರಿನಲ್ಲೇ. ಎಲ್ಲ ವಿಮಾನ ಸಂಸ್ಥೆಗಳೂ ಇದರಲ್ಲಿಲ್ಲ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಟೋಕಿಯೊದಲ್ಲಿ ತಕ್ಯೂಬಿನ್ ಎಂಬ ಸಾಗಣೆ ಸೇವೆಗೆ ಹೋಟೆಲಿನ ಕೌಂಟರಿನಲ್ಲೇ ಪೆಟ್ಟಿಗೆ ಕೊಟ್ಟರೆ ವಿಮಾನ ನಿಲ್ದಾಣಕ್ಕೆ ಮುಟ್ಟಿಸುತ್ತಾರೆ. ಹೊರಡುವ ದಿನ ಬೆಳಿಗ್ಗೆ ಕೊಟ್ಟರೆ ತಡವಾಯಿತು, ಕನಿಷ್ಠ ಒಂದು ದಿನ ಮುಂಚೆ ಕೊಡಬೇಕು. ಸಿಂಗಪುರ, ಲಂಡನ್‌ಗಳಲ್ಲಿ ಪೆಟ್ಟಿಗೆಯನ್ನು ಹೋಟೆಲಿನಲ್ಲೇ ಇಟ್ಟು ಹೋಗುವುದೇ ಸುಲಭ. ಹಾಗಾಗಿ ಅಲ್ಲಿ ಕೋಣೆಯನ್ನು ವಿಮಾನ ನಿಲ್ದಾಣಕ್ಕೆ ಹೋಗುವ ಲೈನಿನ ಮೇಲೆಯೇ, ಕೊನೆಯ ಮೀಟಿಂಗ್ ಮುಗಿಯುವ ಜಾಗಕ್ಕೂ ನಿಲ್ದಾಣಕ್ಕೂ ನಡುವೆ ಬರುವಂತೆ ಹಿಡಿಯಿರಿ. ಪೆಟ್ಟಿಗೆಗೆಂದು ಒಂದು ನಿಲ್ದಾಣವೂ ಹಿಂದಕ್ಕೆ ಹೋಗಬೇಕಾಗುವುದಿಲ್ಲ.