ಎಂಡ್ಯೂರೊ 15: ಕಡಲಿಗಿಂತ ಕೊಟ್ಟಿಗೆಯಲ್ಲೇ ಹೆಚ್ಚು ಹಾಳಾಗುವ ಎಂಜಿನ್

ಯಮಾಹಾ ಎಂಡ್ಯೂರೊ 15 ಮೀನುಗಾರಿಕೆ ದೋಣಿಯ ಹಿಂಬದಿಗೆ ಬಿಗಿಯುವ 15 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಇದರ ಹೊಗಳಿಕೆ ಬೇಗ ಮುಗಿಯುತ್ತದೆ. ಎರಡು ಸಿಲಿಂಡರ್, 246 ಸಿಸಿ, ಟೂ-ಸ್ಟ್ರೋಕ್, ಒಂದೇ ಕಾರ್ಬೋರೇಟರ್, ಹಗ್ಗ ಎಳೆದು ಸ್ಟಾರ್ಟ್. ತೂಕ 36 ಕೆ.ಜಿ. ಆಸುಪಾಸು, ಗಟ್ಟಿ ಆಳಾದರೆ ಒಬ್ಬನೇ ಹೆಗಲ ಮೇಲಿಟ್ಟು ಮರಳು ದಾಟಿಸುತ್ತಾನೆ. ಹೊಗೆಯ ನಿಯಮಗಳಿಂದಾಗಿ ಅಮೆರಿಕ, ಯುರೋಪಿನಲ್ಲಿ ಇಂಥ ಎಂಜಿನ್ ಹೊಸದಾಗಿ ಸಿಗುವುದಿಲ್ಲ. ನಮ್ಮಲ್ಲಿ ಸಿಗುತ್ತದೆ, ಬಿಚ್ಚಿ ಜೋಡಿಸಲು ಕಂಪ್ಯೂಟರ್ ಬೇಡ, ಸ್ಪ್ಯಾನರ್ ಸಾಕು. ಕಡಲಲ್ಲಿ ಕೈಕೊಡುವುದು ಅಪರೂಪ.

ಇದು ಕೆಡುವುದು ಸುಮ್ಮನೆ ಕೂತಾಗ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿವರೆಗಿನ ನಾಡದೋಣಿಗಷ್ಟೇ ವಿನಾಯಿತಿ. ಹಾಗಾಗಿ 15 ಎಚ್‌ಪಿ ಎಂಜಿನ್ ವರ್ಷದ ಅತಿ ತೇವದ ಎರಡು ತಿಂಗಳು ಶೆಡ್ಡಿನಲ್ಲಿರುತ್ತದೆ, ಒಳಗೆ ಮೇ ತಿಂಗಳ ಉಪ್ಪು ಹಾಗೇ ಇರುತ್ತದೆ. ಆಗಸ್ಟಿನಲ್ಲಿ ಹಗ್ಗ ಎಳೆದಾಗ ಬರುವ ತಕರಾರಿನಲ್ಲಿ ಮುಕ್ಕಾಲು ಪಾಲು ಅಲ್ಲಿ ಹುಟ್ಟಿದ್ದು.

ಮೊದಲು ತೊಳೆಯುವ ವಿಚಾರ. ದೊಡ್ಡ ಫೋರ್-ಸ್ಟ್ರೋಕ್‌ಗಳಲ್ಲಿ ಪೈಪು ತಿರುಪಿ, ಎಂಜಿನ್ ಚಾಲೂ ಮಾಡದೆಯೇ ತೊಳೆಯುವ ಸೌಲಭ್ಯವಿರುತ್ತದೆ. ಈ ವರ್ಗದ ಸಣ್ಣ ಎಂಜಿನ್‌ಗೆ 200 ಲೀಟರಿನ ಡ್ರಮ್ಮೇ ಗತಿ. ಮೊದಲು ಪ್ರೊಪೆಲರ್ ಬಿಚ್ಚಿ. ಇಲ್ಲದಿದ್ದರೆ ಡ್ರಮ್ಮಿನ ನೀರು ಕಲಕಿ ಗಾಳಿ ಸೇರುತ್ತದೆ, ಪಂಪಿಗೆ ನೀರು ಸಿಗುವುದಿಲ್ಲ, ಬೆರಳಿಗೂ ಅಪಾಯ. ಪ್ರೊಪೆಲರ್ ಮೇಲಿನ ಅಡ್ಡ ರೆಕ್ಕೆ, ಅಂದರೆ ಆಂಟಿ-ಕ್ಯಾವಿಟೇಶನ್ ಪ್ಲೇಟ್, ಮುಳುಗುವಷ್ಟು ನೀರಿರಲಿ. ನ್ಯೂಟ್ರಲ್‌ನಲ್ಲಿ, ಐಡಲ್‌ನಲ್ಲಿ ಹತ್ತು ನಿಮಿಷ ಓಡಿಸಿ. ಹೊಗೆ ಡ್ರಮ್ಮಿಗೇ ಹೋಗುವುದರಿಂದ ನೀರಿನ ಮೇಲೆ ಎಣ್ಣೆ ಕಟ್ಟುತ್ತದೆ. ಮುಂದಿನ ಸಲ ಅದೇ ನೀರು ಬೇಡ.

ಇಲ್ಲಿ ಒಂದು ಎಚ್ಚರಿಕೆ. ಅಳಿವೆ ಪಕ್ಕದ ಬಾವಿಗಳು ಏಪ್ರಿಲ್-ಮೇನಲ್ಲಿ ಸವುಳಾಗುತ್ತವೆ. ಆ ನೀರಲ್ಲಿ ತೊಳೆಯುವುದೂ ಒಂದೇ, ಬಿಡುವುದೂ ಒಂದೇ. ನಾಲಿಗೆಗೆ ಒಂದು ಹನಿ ಹಾಕಿ ನೋಡಿದರೆ ಗೊತ್ತಾಗುತ್ತದೆ.

ನಲ್ಲಿ ಪೈಪು ಜೋಡಿಸಿ, ನೀರೆಳೆಯುವ ರಂಧ್ರದ ಮೇಲೆ ಕಚ್ಚಿಸುವ ಎರಡು ಕಿವಿಯ ರಬ್ಬರ್ ಬಟ್ಟಲಿನ ಫ್ಲಶರ್ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ಕಡಿಮೆ, ಕೆಲಸವೂ ಅಷ್ಟಕ್ಕಷ್ಟೇ. ನಡುವೆ ಜಾರಿದರೆ ಇಂಪೆಲ್ಲರ್, ಅಂದರೆ ನೀರಿನ ಪಂಪಿನ ರಬ್ಬರ್ ಚಕ್ರ, ಒಣಗಿ ಓಡುತ್ತದೆ, ಅದು ಸುಟ್ಟುಹೋಗಲು ಅರ್ಧ ನಿಮಿಷವೂ ಬೇಕಿಲ್ಲ. ನೀರೆಳೆಯುವ ರಂಧ್ರ ಬಟ್ಟಲಿನ ಹೊರಗೂ ಇರುವ ಮಾದರಿಯಾದರೆ ಅದನ್ನು ಟೇಪಿನಿಂದ ಮುಚ್ಚಬೇಕು, ಇಲ್ಲದಿದ್ದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ. ಡ್ರಮ್ ಇದ್ದವರು ಇದಕ್ಕೆ ದುಡ್ಡು ಹಾಕಬೇಕಾಗಿಲ್ಲ.

ಎರಡು ತಿಂಗಳು ನಿಲ್ಲಿಸುವ ಮುಂಚಿನ ಕೆಲಸದಲ್ಲಿ ಇಂಧನದ್ದೇ ದೊಡ್ಡ ಪಾಲು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಬಹುತೇಕ ಔಟ್‌ಬೋರ್ಡ್ ಕಂಪನಿಗಳು ಹೇಳುವ ಮಿತಿ ಶೇ. 10. ಎಥನಾಲ್ ಗಾಳಿಯ ತೇವ ಹೀರುತ್ತದೆ. ಹೀರಿದ್ದು ಹೆಚ್ಚಾದರೆ ನೀರು-ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತದೆ, ಟ್ಯಾಂಕಿನ ಪೈಪು ಮೊದಲು ಎಳೆಯುವುದು ತಳದ್ದನ್ನೇ. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್ ಇಡುವುದು ಇದಕ್ಕೆ ಕರೆದು ಮಣೆ ಹಾಕಿದ ಹಾಗೆ. ಉಳಿದ ಪೆಟ್ರೋಲು ಖಾಲಿ ಮಾಡಿ, ಟ್ಯಾಂಕ್ ಒಣಗಿಸಿ ಇಡಿ. ಸ್ಟೆಬಿಲೈಸರ್ ಬಾಟಲಿ ಇಂಧನ ಹಳಸುವುದನ್ನು ನಿಧಾನಿಸೀತು, ಬೇರ್ಪಟ್ಟ ನೀರನ್ನು ಮತ್ತೆ ಕೂಡಿಸಲಾರದು.

ಕಾರ್ಬೋರೇಟರ್ ವಿಚಾರದಲ್ಲಿ 'ಪೈಪು ಕಿತ್ತು ಎಂಜಿನ್ ನಿಲ್ಲುವವರೆಗೆ ಓಡಿಸಿದರೆ ಸಾಕು' ಎನ್ನುವವರಿದ್ದಾರೆ. ಸಾಲದು. ಎಂಜಿನ್ ನಿಂತ ಮೇಲೂ ಕಾರ್ಬೋರೇಟರಿನಲ್ಲಿ ಪೆಟ್ರೋಲು ನಿಲ್ಲುವ ಫ್ಲೋಟ್ ಬಟ್ಟಲಿನ ತಳದಲ್ಲಿ ಒಂದಿಷ್ಟು ಉಳಿಯುತ್ತದೆ. ಪೆಟ್ರೋಲು ಆರಿ, ಬೆರೆಸಿದ ಎಣ್ಣೆ ಅಂಟಾಗಿ ಜೆಟ್ಟಿನ ಸಣ್ಣ ತೂತಿನಲ್ಲಿ ಕೂರುತ್ತದೆ. ಬಟ್ಟಲಿನ ಕೆಳಗೆ ಡ್ರೈನ್ ಸ್ಕ್ರೂ ಇದೆ. ಅದನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಇಳಿಸಿ. ಲೋಟದ ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು.

ನಂತರ ಫಾಗಿಂಗ್, ಅಂದರೆ ತುಕ್ಕು ತಡೆಯಲು ಎಂಜಿನ್ ಒಳಗೆ ಎಣ್ಣೆಯ ಮಂಜು ಹಿಡಿಸುವುದು. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಬೇರಿಂಗಿಗೆ ಸಿಗುವ ಎಣ್ಣೆ ಇಂಧನದ ಜೊತೆ ಬರುವುದಷ್ಟೇ. ಎಂಜಿನ್ ನಿಂತರೆ ಅದೂ ಇಲ್ಲ, ಉಪ್ಪಿನ ತೇವ ಮಾತ್ರ. ಆದ್ದರಿಂದ ಡ್ರಮ್ಮಿನಲ್ಲಿ ಓಡುತ್ತಿರುವಾಗಲೇ, ಇಂಧನ ಮುಗಿಯುವ ಕೊನೆಯ ಕ್ಷಣಗಳಲ್ಲಿ, ಕಾರ್ಬೋರೇಟರ್ ಬಾಯಿಗೆ ಫಾಗಿಂಗ್ ಆಯಿಲ್ ಹೊಡೆಯಿರಿ. ದಟ್ಟ ಹೊಗೆ ಬಂದು ಎಂಜಿನ್ ತಾನೇ ನಿಲ್ಲಬೇಕು. ಡ್ರೈನ್ ಸ್ಕ್ರೂ ಬಿಚ್ಚುವುದು ಇದರ ನಂತರ. ಆಮೇಲೆ ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೆ ಒಂದು ಟೀ ಚಮಚ ಟೂ-ಸ್ಟ್ರೋಕ್ ಎಣ್ಣೆ ಬಿಟ್ಟು, ಹಗ್ಗವನ್ನು ನಾಲ್ಕೈದು ಸಲ ನಿಧಾನಕ್ಕೆ ಎಳೆಯಿರಿ. ಆಗ ಸ್ಟಾಪ್ ಲ್ಯಾನ್‌ಯಾರ್ಡ್ ಕ್ಲಿಪ್ (ಕಳಚಿದರೆ ಎಂಜಿನ್ ನಿಲ್ಲಿಸುವ ಹಗ್ಗದ ಕೊಕ್ಕೆ) ಕಳಚಿರಲಿ, ಪ್ಲಗ್ ವೈರುಗಳು ಎಂಜಿನ್ ಬಾಡಿಗೆ ತಾಗಿರಲಿ. ಕಿಡಿಗೆ ದಾರಿ ಸಿಗದಿದ್ದರೆ ಕಿಡಿ ಹುಟ್ಟಿಸುವ ಸಿಡಿಐ ಯೂನಿಟ್ ಹೋಗಬಹುದು.

ಎಣ್ಣೆ ಎಂದಾಗ: ಟಿಸಿ-ಡಬ್ಲ್ಯೂ3 ದರ್ಜೆಯದ್ದೇ, ಅಂದರೆ ನೀರಿನಲ್ಲಿ ತಣಿಯುವ ಟೂ-ಸ್ಟ್ರೋಕ್ ಎಂಜಿನ್‌ಗೆ ಮಾಡಿದ್ದೇ, ಆಗಬೇಕು. ಸ್ಕೂಟರಿನ 2ಟಿ ಎಣ್ಣೆ ಹೆಚ್ಚು ಬಿಸಿಯಾಗುವ, ಗಾಳಿಯಲ್ಲಿ ತಣಿಯುವ ಎಂಜಿನ್‌ಗೆ ಮಾಡಿದ್ದು. ಅದರ ಬೂದಿ ಇಲ್ಲಿ ಪ್ಲಗ್ ಮೇಲೆ ಕೂರುತ್ತದೆ. ಪೆಟ್ರೋಲ್ ಮಾದರಿಗೆ 50:1, ಅಂದರೆ 10 ಲೀಟರಿಗೆ 200 ಮಿ.ಲೀ. ಹೊಸ ಎಂಜಿನ್‌ಗೆ ಮೊದಲ 10 ಗಂಟೆ ಇದರ ಇಮ್ಮಡಿ. ಸೀಮೆಎಣ್ಣೆ ಮಾದರಿಯ ಅಳತೆ ಅದರ ಕೈಪಿಡಿಯಂತೆ. ಅದನ್ನು ನಿಲ್ಲಿಸುವ ಮುನ್ನ ಪೆಟ್ರೋಲಿಗೆ ತಿರುಗಿಸಿ ಕೆಲವು ನಿಮಿಷ ಓಡಿಸಲೇಬೇಕು. ಕಾರ್ಬೋರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ತಣ್ಣಗಿನ ಎಂಜಿನ್ ಹತ್ತಿಕೊಳ್ಳುವುದೇ ಇಲ್ಲ.

ಗೇರ್ ಆಯಿಲ್ 250 ಮಿ.ಲೀ., ಎಸ್‌ಎಇ 90. ಹಳೆಯದನ್ನು ಇಳಿಸಬೇಕಾದ್ದು ನಿಲ್ಲಿಸುವ ಮುನ್ನ, ಆಗಸ್ಟಿನಲ್ಲಿ ಅಲ್ಲ. ಕೆಳಗಿನ ಸ್ಕ್ರೂ ತೆಗೆದು ಮೇಲಿನದ್ದನ್ನು ಸಡಿಲಿಸಿದರೆ ಹರಿಯುತ್ತದೆ. ಹಾಲು ಬೆರೆತ ಚಹಾದ ಬಣ್ಣ ಬಂದರೆ ನೀರು ಸೇರಿದೆ, ಎರಡು ತಿಂಗಳಲ್ಲಿ ಗೇರು-ಬೇರಿಂಗ್ ಎರಡಕ್ಕೂ ತುಕ್ಕು. ಕಾರಣ ಹೆಚ್ಚಾಗಿ ಪ್ರೊಪೆಲರ್ ಹಿಂದಿನ ಸೀಲ್. ಪ್ರೊಪೆಲರ್ ಕಳಚಿದಾಗ ಶಾಫ್ಟಿನ ಬುಡದಲ್ಲಿ ಬಲೆಯ ನೈಲಾನ್ ನೂಲು ಬಿಗಿಯಾಗಿ ಸುತ್ತಿಕೊಂಡಿರುವುದು ಕಾಣುತ್ತದೆ. ಸೀಲ್ ಕೊಯ್ಯುವುದು ಅದೇ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ, ಮೇಲಿನದ್ದರಲ್ಲಿ ಗುಳ್ಳೆಯಿಲ್ಲದೆ ಉಕ್ಕುವವರೆಗೆ ತುಂಬಿ. ಮೇಲಿನ ಸ್ಕ್ರೂ ಮೊದಲು ಬಿಗಿಯಿರಿ, ಕೆಳಗಿನದು ಆಮೇಲೆ. ಎರಡಕ್ಕೂ ಹೊಸ ಗ್ಯಾಸ್ಕೆಟ್. ಇದರಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ಇಂಪೆಲ್ಲರ್ ಬದಲಿಸುವುದು ಈ ಎಂಜಿನ್‌ನಲ್ಲಿ ಸುಲಭ, ಅದು ಇದರ ದೊಡ್ಡ ಗುಣ. ಗೇರ್ ರಾಡಿನ ಜೋಡಣೆ ಕಳಚಿ ಬೋಲ್ಟ್ ಬಿಚ್ಚಿದರೆ ಕೆಳಭಾಗ ಇಳಿದು ಬರುತ್ತದೆ. ಅಳಿವೆಯ ಮರಳು ನೀರಲ್ಲಿ ಓಡುವ ಎಂಜಿನ್‌ಗೆ ವರ್ಷಕ್ಕೊಂದು ಬೇಕು, ನೋಡಲು ಚೆನ್ನಾಗಿದ್ದರೂ ಸರಿ. ಬರಿ ರಬ್ಬರ್ ಕೊಳ್ಳದೆ ಕೀ, ಗ್ಯಾಸ್ಕೆಟ್, ಒಳಬಟ್ಟಲು ಸೇರಿದ ಪೂರ್ತಿ ಕಿಟ್ ತೆಗೆದುಕೊಳ್ಳಿ. ಬಟ್ಟಲಿನ ಗೋಡೆಯಲ್ಲಿ ಮರಳು ಗೀರಿದ್ದರೆ ಹೊಸ ರಬ್ಬರಿಗೂ ಒತ್ತಡ ಬರುವುದಿಲ್ಲ. ಅಗ್ಗದ ನಕಲಿ ಇಂಪೆಲ್ಲರ್‌ಗಳ ರಬ್ಬರ್ ಗಡುಸು. ಮಡಚಿಯೇ ಕೂತು ಎರಡು ತಿಂಗಳಾದರೆ ರೆಕ್ಕೆ ಮತ್ತೆ ನೆಟ್ಟಗಾಗುವುದಿಲ್ಲ. ಕೂರಿಸುವಾಗ ಪಂಪಿನ ನಡುವೆ ನೆಟ್ಟಗೆ ನಿಂತ ಡ್ರೈವ್ ಶಾಫ್ಟನ್ನು ಮೇಲಿನಿಂದ ನೋಡಿದಂತೆ ಗಡಿಯಾರದ ದಿಕ್ಕಿಗೇ ತಿರುಗಿಸಿ. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಸವರಿ, ತುದಿಯ ತಲೆಗೆ ಬೇಡ. ಅಲ್ಲಿ ಸಿಕ್ಕಿಕೊಂಡ ಗ್ರೀಸ್ ಶಾಫ್ಟ್ ಪೂರ್ತಿ ಒಳಕ್ಕೆ ಕೂರಲು ಬಿಡುವುದಿಲ್ಲ.

ಇದರ ನಿಜವಾದ ದೌರ್ಬಲ್ಯ ಅಲ್ಯೂಮಿನಿಯಂ ಬಾಡಿಗೆ ಹಾಕಿದ ಸ್ಟೀಲ್ ಬೋಲ್ಟ್. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗಿ ಬೋಲ್ಟನ್ನು ಹಿಡಿದುಬಿಡುತ್ತದೆ. ಸ್ಪ್ಯಾನರ್ ಒತ್ತಿದರೆ ಬೋಲ್ಟಿನ ತಲೆ ಕೈಗೆ, ಉಳಿದದ್ದು ಒಳಗೆ. ಹೊಸ ಎಂಜಿನ್ ತಂದ ವರ್ಷವೇ ಕೆಳಭಾಗದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಮರೀನ್ ಗ್ರೀಸ್ ಹಚ್ಚಿ ಹಾಕುವುದು ಒಳ್ಳೆಯದು. ದೋಣಿಗೆ ಬಿಗಿಯುವ ಕ್ಲ್ಯಾಂಪ್ ಸ್ಕ್ರೂಗೂ ಹಾಗೇ. ಬಾಡಿಯ ಬದಲು ತಾನು ಕರಗಲೆಂದೇ ಹಾಕಿರುವ ಸತುವಿನ ತುಂಡು, ಅಂದರೆ ಆ್ಯನೋಡ್, ಅರ್ಧ ಕರಗಿದರೆ ಬದಲಿಸಿ, ಮೇಲೆ ಪೇಂಟ್ ಬಳಿಯಬೇಡಿ. ಪೇಂಟ್ ಬಿದ್ದರೆ ಅದು ಕರಗುವುದನ್ನು ನಿಲ್ಲಿಸುತ್ತದೆ, ಬದಲಿಗೆ ಬಾಡಿ ಕರಗುತ್ತದೆ.

ಶೆಡ್ಡಿನಲ್ಲಿ ಎಂಜಿನ್ ನೆಟ್ಟಗೆ ನಿಲ್ಲಲಿ. ಮಲಗಿಸಲೇಬೇಕಾದರೆ ಮೊದಲು ನೆಟ್ಟಗೆ ನಿಲ್ಲಿಸಿ ನೀರೆಲ್ಲ ಬಸಿಯಿರಿ. ಉಳಿದ ನೀರು ಎಗ್ಸಾಸ್ಟ್ ದಾರಿಯಾಗಿ ಸಿಲಿಂಡರ್ ಸೇರಬಹುದು. ಪ್ಲಾಸ್ಟಿಕ್ ಹಾಳೆ ಸುತ್ತಿ ಕಟ್ಟಬೇಡಿ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆ ಹೊದಿಸಿದರೆ ಸಾಕು.

ಮತ್ತೆ ಹೊರಡಿಸುವಾಗ ಹೊಸ ಪೆಟ್ರೋಲು, ಹೊಸ ಪ್ಲಗ್. ಎನ್‌ಜಿಕೆ ಪ್ಲಗ್ ನಂಬರಿನ ಕೊನೆಗೆ -10 ಇದ್ದರೆ ಗ್ಯಾಪ್ 1.0 ಮಿ.ಮೀ. ಮೊದಲ ಕೆಲವು ನಿಮಿಷ ಬಿಳಿ ಹೊಗೆ ಸಹಜ. ಕಣ್ಣು ಇರಬೇಕಾದ್ದು ಪಂಪು ಎಳೆದ ನೀರು ಹಿಂಬದಿಯ ತೂತಿನಿಂದ ಹೊರಚಿಮ್ಮುವ ಎಳೆಯ ಮೇಲೆ. ಹದಿನೈದು ಸೆಕೆಂಡಿನಲ್ಲಿ ಬಾರದಿದ್ದರೆ ಆಫ್ ಮಾಡಿ, ಆ ತೂತಿಗೆ ಮೀನಿನ ಗಾಳಕ್ಕೆ ಬಳಸುವ ದಪ್ಪ ನೂಲು ತೂರಿಸಿ ನೋಡಿ. ಪಂಪು ಕೆಟ್ಟಿದೆ ಎಂದು ಎಂಜಿನ್ ಬಿಚ್ಚುವ ಮೊದಲೇ ಅಲ್ಲಿಂದ ಕಣಜ ಕಟ್ಟಿದ ಮಣ್ಣಿನ ಗೂಡು ಉದುರುವುದುಂಟು.